ಬಿದ್ದುಹೋದ ಹಕಾರ

ಕಳೆದ ವಾರ ನಮ್ಮ ಮನೆಯಲ್ಲಿ ಒಂದು ‘ಹ’ ಬಿದ್ದುಹೋಯಿತು. ಅದರ ಪೆಟ್ಟು ಪುಣೆಯವರೆಗೂ ತಾಗಿತು.

ಇರಿ, ಹೇಳುತ್ತೇನೆ. ನನ್ನ ಮಗಳು ಚೈತ್ರ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಕಂಪನಿ ಎಲ್ಲೋ, ಇವಳು ಯಳಂದೂರಿನ ನಮ್ಮ ಮಹಡಿ ಕೋಣೆಯಲ್ಲಿ. ಕಿಟಕಿ ತೆರೆದರೆ ಬಿಳಿಗಿರಿರಂಗನ ಬೆಟ್ಟ, ಲ್ಯಾಪ್‌ಟಾಪ್ ತೆರೆದರೆ ಪುಣೆ, ಹೈದರಾಬಾದು. ಪ್ರೊಬೇಷನ್ ಮುಗಿಯುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ಮಿಕ್ಸಿ ಹಾಕಲೂ ನಾನು ಅವಳ ಅಪ್ಪಣೆ ಕೇಳಬೇಕು. (ಸಿಗದ ದಿನ ಚಟ್ನಿಯನ್ನು ಒರಳಲ್ಲಿ ರುಬ್ಬಿದ್ದೂ ಇದೆ.)

ನಮ್ಮ ಕಡೆಯ ಮಾತು ನಿಮಗೆ ಗೊತ್ತಲ್ಲ? ಹೋಗು ಎನ್ನುವುದು ಓಗು, ಹಾಲು ಎನ್ನುವುದು ಆಲು. ಬರೆಯುವಾಗ ಎಲ್ಲ ಸರಿಯಿರುತ್ತದೆ, ನಾಲಿಗೆಗೆ ಮಾತ್ರ ಹಕಾರ ದುಬಾರಿ. ಈ ಚಾಳಿ ಇಂಗ್ಲಿಷಿಗೂ ಅಂಟಿಕೊಂಡು ಬರುತ್ತದೆ ಎಂದು ನಾನಂತೂ ಯೋಚಿಸಿರಲಿಲ್ಲ.

ಇವಳ ಕಂಪನಿ ಅಂಗಡಿಗಳ ಆನ್‌ಲೈನ್ ಆರ್ಡರ್ ನೋಡಿಕೊಳ್ಳುತ್ತದೆ. ವಿಳಾಸ ಸರಿಯಿಲ್ಲದ ಆರ್ಡರ್‌ಗಳನ್ನು ಗಿರಾಕಿ ಉತ್ತರಿಸುವವರೆಗೆ ತಡೆದಿಡುತ್ತಾರಂತೆ. ಪುಣೆಯಲ್ಲಿರುವ ಸಹೋದ್ಯೋಗಿ ಅಮಿತ್ ಬೇಡದ್ದನ್ನೆಲ್ಲ ಅಳಿಸುತ್ತಾ ಕುಳಿತಿದ್ದ. ಹಾಗೆ ತಡೆದಿಟ್ಟವುಗಳ ಪಟ್ಟಿ ಕಂಡು, ಇವು ಯಾವ ಆರ್ಡರ್ ಎಂದು ಕಾಲ್‌ನಲ್ಲಿ ಇವಳನ್ನು ಕೇಳಿದ. ಇವಳು ‘ಹೋಲ್ಡ್ ಆರ್ಡರ್ಸ್’ ಎಂದಳು. ಅಂದರೆ, ಹಾಗೆಂದೆ ಅಂದುಕೊಂಡಳು. ಬಾಯಿಂದ ಬಂದದ್ದು ‘ಓಲ್ಡ್’. ಹಳೆಯದಾದರೆ ಇನ್ನೇಕೆ ಎಂದು ಅವನು ಅಳಿಸಿದ.

ಮಾರನೆಯ ಬೆಳಿಗ್ಗೆ ಗಿರಾಕಿಗಳ ಫೋನು ಶುರುವಾಯಿತು. ಎಲ್ಲರಿಗೂ ಮೀಟಿಂಗ್. ಮಗಳ ಮುಖ ನೋಡಿ ನಾನೂ ನಮ್ಮ ಮನೆಯವರೂ ಬಾಗಿಲಲ್ಲೇ ನಿಂತೆವು. (ಕ್ಯಾಮೆರಾಕ್ಕೆ ಕಾಣದ ಹಾಗೆ. ಅಷ್ಟು ತಿಳಿವಳಿಕೆ ನಮಗೂ ಬಂದಿದೆ.) ಆ ಅಮಿತ್ ಪಾಪ, ನನಗೆ ‘ಓಲ್ಡ್’ ಎಂದು ಕೇಳಿಸಿತು, ನಾನೇ ತಪ್ಪು ಕೇಳಿಸಿಕೊಂಡಿರಬೇಕು ಎಂದ.

ಇವಳ ಮೈಕ್ ಆಫ್ ಆಗಿತ್ತು. ಆ ಪದವನ್ನು ತುಟಿಯಲ್ಲೇ ಮತ್ತೆ ಮತ್ತೆ ಹೇಳಿ ನೋಡಿಕೊಂಡಳು. ನಮ್ಮ ಕಡೆ ತಿರುಗಿ ಆದದ್ದನ್ನು ಹೇಳಿದಳು.

ನಮ್ಮ ಮನೆಯವರು ಪಿಸುಗುಟ್ಟಿದರು: “ಸುಮ್ಕಿರವ್ವ. ಅವ್ನೇ ಒಪ್ಕತಾವ್ನೆ, ನೀ ಯಾಕ್ ಬಾಯ್ ಬುಟ್ಟೀಯೆ?”

“ಅವ್ರು ಸರ್ಯಾಗೇ ಕೇಳುಸ್ಕಂಡವ್ರೆ ಕಣಪ್ಪ. ನಾನ್ ಅಂದದ್ದೇ ಅಂಗೆ.”

ಮೈಕ್ ಆನ್ ಮಾಡಿದಳು. ಅಮಿತ್ ಕಿವಿ ಸರಿಯಾಗಿದೆ, ನಮ್ಮೂರ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ, ತಪ್ಪು ಹೇಳಿದವಳು ನಾನು ಎಂದು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ಕೆಲಸ ಹೋಯಿತು ಅಂದುಕೊಂಡೆ ನಾನು.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ಪೂರ್ತಿ ನಂಬಿಕೆಯಾಗಿಲ್ಲ. ಹೈದರಾಬಾದಿನ ಮ್ಯಾನೇಜರ್ ಮೇಡಂ ಬೈಯಲಿಲ್ಲ. ಆರ್ಡರ್‌ಗಳ ಬ್ಯಾಕಪ್ ಇದೆ, ಮಧ್ಯಾಹ್ನದೊಳಗೆ ವಾಪಸ್ ಬರುತ್ತವೆ ಎಂದರು. ಬರೀ ಬಾಯಿಮಾತಿಗೆ ಆರ್ಡರ್ ಅಳಿಸಿಹೋಗುವ ಹಾಗೆ ನಾವೇಕೆ ಇಟ್ಟುಕೊಂಡಿದ್ದೇವೆ ಎಂದು ಎಲ್ಲರನ್ನೂ ಕೇಳಿದರು. ಅಲ್ಲಿಂದಾಚೆಗೆ ಆ ಮೀಟಿಂಗಿನಲ್ಲಿ ತಪ್ಪಿನ ಪಕ್ಕ ಯಾರ ಹೆಸರೂ ಬರಲಿಲ್ಲ! ಇನ್ನು ಮುಂದೆ ಬರೆದೇ ಕೇಳಬೇಕು, ಅಳಿಸುವ ಮೊದಲು ಇನ್ನೊಬ್ಬರು ನೋಡಬೇಕು ಎಂದು ತೀರ್ಮಾನವಾಯಿತು. ಆ ನಿಯಮ ಬರೆಯುವ ಕೆಲಸ ಯಾರಿಗೆ ಸಿಕ್ಕಿತು ಗೊತ್ತೇ? ಚೈತ್ರಳಿಗೆ. ನನ್ನ ಪ್ರೊಬೇಷನ್ ಎಂದು ಇವಳು ತೊದಲಿದರೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಮೇಡಂ ಮುಂದಿನ ವಿಷಯಕ್ಕೆ ಹೋದರು.

ನಾನು ಬಾಗಿಲು ಹಿಡಿದು ನಿಂತೇ ಇದ್ದೆ. ಹೆತ್ತ ಮಗಳ ಧೈರ್ಯ ಕಂಡು ಬೆರಗು, ನಾನು ಮುಖ ಕೂಡ ನೋಡಿರದ ಆ ಮೇಡಂ ಕೇಳಿದ ಪ್ರಶ್ನೆಗೆ ಇನ್ನೂ ದೊಡ್ಡ ಬೆರಗು.

‘ಯಾರದು ತಪ್ಪು’ ಎಂದು ಯಾರೂ ಕೇಳದೆ ನಮ್ಮ ಮನೆಗಳಲ್ಲಿ ಒಂದು ಲೋಟವಾದರೂ ಒಡೆದಿದೆಯೇ?