ಗಿಲಾವಿನ ಕೆಳಗಿದ್ದ ಗೋಡೆ

ಕಲ್ಲಿನ ಮನೆಗೆ ಕಲ್ಲು ಅಂಟಿಸಲು ಹೊರಟ ಜಾಣನನ್ನು ನೋಡಿದ್ದೀರಾ? ಇಲ್ಲವಾದರೆ ಈ ಅಂಕಣದ ಮೇಲಿರುವ ಫೋಟೊ ನೋಡಿ.

ಈಗ ಬಸವನ ಬಾಗೇವಾಡಿಯಲ್ಲಿ ಯಾವ ಹೊಸ ಮನೆ ನೋಡಿದರೂ ಮುಂಭಾಗಕ್ಕೆ ಸ್ಟೋನ್ ಕ್ಲ್ಯಾಡಿಂಗ್. ಬೆರಳು ದಪ್ಪದ ಅಸಲಿ ಕಲ್ಲು, ಗೋಡೆಗೆ ಅಂಟಿಸುವುದು. ನಮ್ಮದು ಹಳೆಯ ಮನೆಯಾದರೇನು, ನಾವೇನು ಕಡಿಮೆ? ವಿಜಯಪುರದ ಮೂರು ಅಂಗಡಿ ಸುತ್ತಿದೆವು. ನನಗೆ ಬೂದು ಬಣ್ಣ, ಹೆಂಡತಿಗೆ ಹಳದಿ. (ಹಳದಿ ಬಂತು ಎಂದು ಬೇರೆ ಹೇಳಬೇಕೆ?)

ಕೆಲಸಕ್ಕೆ ಬಂದವನು ಗೌಂಡಿ ಹಣಮಂತಣ್ಣ. ಬಂದವನೇ ಗೋಡೆ ಬಡಿದು ನೋಡಿದ. "ಹಳಿ ಗಿಲಾವ್ ಮ್ಯಾಲೆ ಹಚ್ಚಿದ್ರ ನಿಂದ್ರೂದಿಲ್ರಿ ಸರ್. ಕಲ್ಲಿಗೆ ತೂಕ ಇರ್ತೈತಿ" ಎಂದು ಉಳಿ ಹಿಡಿದ. ನಾಲ್ಕು ಏಟಿಗೆ ಮೊರದಗಲ ಸಿಮೆಂಟಿನ ಗಿಲಾವು ಕಳಚಿ ಬಿತ್ತು. ಒಳಗೆ ಕರಿಕಲ್ಲು.

ಹಣಮಂತಣ್ಣ ಉಳಿ ಕೆಳಗಿಟ್ಟು ಕುಳಿತುಬಿಟ್ಟ.

"ಯಾಕೋ ಅಣ್ಣಾ?"

"ಈ ಗ್ವಾಡಿ ನಮ್ಮಪ್ಪ ಕಟ್ಟಿದ್ದರಿ. ಮ್ಯಾಲಿನ ಗಿಲಾವ್ ನಂದು. ಅವ ಬ್ಯಾಡ ಅಂದಿದ್ದ. ನಾ ಕೇಳಲಿಲ್ಲ. ಅವತ್ತಿನಿಂದ ಅಪ್ಪ ಈ ಓಣಿಗೆ ಕಾಲಿಟ್ಟಿಲ್ಲ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಏಕೆಂದರೆ ಆ ಗಿಲಾವು ಹಾಕಿಸಿದ್ದೇ ನಾನು. ಮೂವತ್ತು ವರ್ಷದ ಹಿಂದೆ ಗೆಳೆಯರ ಮನೆಗಳೆಲ್ಲ ಸಿಮೆಂಟು ಮೆತ್ತಿಕೊಂಡು, ಬಣ್ಣ ಬಳಿದುಕೊಂಡು ಮಿಂಚುತ್ತಿದ್ದವು. ನಮ್ಮದೊಂದೇ ಕಲ್ಲುಗೋಡೆ. ಕಾಲೇಜಿನವರನ್ನು ಮನೆಗೆ ಕರೆಯಲು ನಾಚಿಕೆ. ಹಟ ಹಿಡಿದು ತಂದೆಯನ್ನು ಒಪ್ಪಿಸಿ ಹಾಸ್ಟೆಲ್ಲಿಗೆ ಹೋಗಿದ್ದೆ. ಆಮೇಲೆ ಮರೆತೂ ಬಿಟ್ಟಿದ್ದೆ.

ಹಣಮಂತಣ್ಣ ಎದ್ದು ನಿಂತ. "ಸರ್, ಆ ಹಳದಿ ಕಲ್ಲು ಕಂಪೌಂಡಿಗೆ ಹಚ್ಚೋಣ್ರಿ. ಇದನ್ನ ಬಿಚ್ಚಿ, ಸಂದಿ ಅಷ್ಟ ತುಂಬ್ತೇನಿ. ಇಲ್ಲ ಅನಬ್ಯಾಡ್ರಿ."

ಹೆಂಡತಿಯ ಮುಖ ನೋಡಿದೆ. "ಹೂಂ ಅನ್ರಿ" ಎಂದಳು.

ಎಂಟು ದಿನ ಧೂಳು ಕುಡಿದೆವು. ಒಂಬತ್ತನೆಯ ದಿನ ಗೋಡೆ ತೊಳೆದು ನಿಂತಾಗ ನನ್ನ ಎದೆ ಉಬ್ಬಿತು. ಒಂದೊಂದು ಕಲ್ಲಿನ ಮೇಲೂ ಉಳಿಯ ಗೆರೆ ಹಾಗೇ ಇದೆ. ಮೂಲೆಗಳಂತೂ ನೂಲು ಹಿಡಿದಷ್ಟು ನೇರ. ಹಾದಿಹೋಕರು ಬೈಕ್ ನಿಲ್ಲಿಸಿ, "ಎಲ್ಲಿಂದ ತರಿಸಿದ್ರಿ?" ಎಂದು ಕೇಳುತ್ತಾರೆ. ಇಲ್ಲಿಯದೇ ಎಂದರೆ ನಂಬುವುದಿಲ್ಲ.

ಮೊನ್ನೆ ಹಣಮಂತಣ್ಣ ತನ್ನಪ್ಪ ಯಲ್ಲಪ್ಪಜ್ಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಅಜ್ಜ ಗೋಡೆಯುದ್ದಕ್ಕೂ ಕೈಯಾಡಿಸುತ್ತ ನಡೆದ. ಮಗ ತುಂಬಿದ ಸಂದಿಗಳನ್ನು ಉಗುರಿನಿಂದ ಕೆರೆದು ನೋಡಿದ.

"ಈಗ ಕೆಲಸ ಬಂತು ನಿನಗ" ಎಂದ ಮಗನಿಗೆ. ಹಣಮಂತಣ್ಣ ಕಣ್ಣೊರೆಸಿಕೊಂಡ.

ಅಜ್ಜ ಚಪ್ಪಲಿ ಬಿಟ್ಟು, ತಲೆಬಾಗಿಲು ದಾಟಿ ಒಳಗೆ ಬಂದು ಕುಳಿತು, ನನ್ನ ಹೆಂಡತಿಗೆ ಚಹಾ ಕೇಳಿದ. ನೀವೇ ಹೇಳಿ, ಇದಕ್ಕಿಂತ ದೊಡ್ಡ ಗೃಹಪ್ರವೇಶ ಯಾವ ಮನೆಗೆ ಆಗಿದೆ?