ಕಾಶತ್ತಿಯ ಸಾರು ಶಾವಿಗೆ

ಸುಟ್ಟ ಉಳ್ಳಾಗಡ್ಡಿಯ ವಾಸನೆ ಬಂದರೆ ನನಗೆ ಈಗಲೂ ಮೊದಲು ಹಸಿವಾಗುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ಮೊನ್ನೆ ಬಾಗೇವಾಡಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಸಿಂದಗಿಗೆ ಹೋಗಿದ್ದೆ. ತಮ್ಮನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ಒಳಗೆ ತಮ್ಮನ ಮಗಳು ಸವಿತಾ ಗ್ಯಾಸಿನ ಉರಿಯಲ್ಲಿ ಉಳ್ಳಾಗಡ್ಡಿ, ಹಸಿಶುಂಠಿ ಕರ್ರಗೆ ಸುಡುತ್ತಿದ್ದಳು. ಪಕ್ಕದ ಪಾತ್ರೆಯಲ್ಲಿ ಚಕ್ಕೆ, ಲವಂಗ, ಚಕ್ರಮೊಗ್ಗು ಕುದಿಯುತ್ತಿದ್ದವು. "ವಿಯೆಟ್ನಾಂದವರ ಶಾವಿಗಿ ಸಾರು ಅತ್ತಿ, ಫೋ ಅಂತಾರ. ಅವರು ಮಾಂಸ ಹಾಕ್ತಾರ, ನಾ ಅಣಬಿ ಹಾಕೇನಿ," ಎಂದಳು. ಮೊಬೈಲ್ ನೋಡಿ ಕಲಿತದ್ದಂತೆ. ನನಗೆ ಸೊಂಟ ಹಿಡಿದಿತ್ತು, ಬಿಸಿ ರೊಟ್ಟಿ, ಪುಂಡಿಪಲ್ಯ ಸಿಕ್ಕಿದ್ದರೆ ಸಾಕಾಗಿತ್ತು. ಈ ವಯಸ್ಸಿನಲ್ಲಿ ಹೊಸ ರುಚಿ ಕಲಿಯುವ ಉಮೇದು ಯಾರಿಗಿದೆ? ಆದರೆ ಒಂದು ತುತ್ತು ಬಾಯಿಗಿಟ್ಟೊಡನೆ ಕೈ ನಿಂತಿತು. ಅದು ಹೊಸ ರುಚಿಯಾಗಿರಲಿಲ್ಲ.

ಮಸೂತಿ ಊರಿನ ನಮ್ಮ ಹಳೆಯ ಮನೆಯಲ್ಲಿ ಅಪ್ಪನ ತಂಗಿ ಕಾಶತ್ತಿ ಇದ್ದಳು. ಗಂಡನ ಮನೆಯವರು ಅವಳನ್ನು ತವರಿಗೆ ಬಿಟ್ಟುಹೋದವರು ಮತ್ತೆ ಕರೆಯಲು ಬಂದಿರಲಿಲ್ಲ. ಯಾಕೆಂದು ಮಕ್ಕಳಾದ ನಮಗೆ ಯಾರೂ ಹೇಳಲಿಲ್ಲ. ಬೇಸಿಗೆಯಲ್ಲಿ ಪಡಸಾಲೆಗೆ ಶಾವಿಗೆ ಮಣೆ ಇಳಿಸಿದರೆ ಅದರ ಮೇಲೆ ಕೂರುವವಳು ಅವಳೇ. ನಿಮ್ಮ ಮನೆಯಲ್ಲೂ ಅಂಥದೊಂದು ಮಣೆ ಇದ್ದಿರಬೇಕು. ಅವಳು ಅಂಗೈಯಡಿ ಗೋಧಿ ಕಣಕ ಹೊಸೆಯುತ್ತ ಹೋದಂತೆ ಕೂದಲೆಳೆಯಂಥ ಶಾವಿಗೆ ಕೆಳಗಿಳಿಯುತ್ತಿತ್ತು, ಓಣಿಯ ಹೆಂಗಸರು ಅದನ್ನು ಹಿಡಿದು ಕೋಲಿಗೆ ಹಾಕಿ ಒಣಗಿಸುತ್ತಿದ್ದರು. ಇವತ್ತು ನಮ್ಮ ಮನೆ, ನಾಳೆ ಅವರ ಮನೆ. ಶಾವಿಗೆಯೆಂದರೆ ಎಲ್ಲರಿಗೂ ಸಿಹಿಯೇ. ಹಾಲು, ಬೆಲ್ಲ, ತುಪ್ಪ, ಮಾವು ಬಂದರೆ ಸೀಕರಣಿ. ಕಾಶತ್ತಿಗೆ ಸಿಹಿ ಸೇರುತ್ತಿರಲಿಲ್ಲ. ಹೋಳಿಗೆ ಮಾಡಿದ ಮರುದಿನ, ಎಲ್ಲರ ಊಟ ಮುಗಿದ ಮೇಲೆ, ಉಳಿದ ಕಟ್ಟಿನ ಸಾರು ಕುದಿಸಿ ಅದಕ್ಕೆ ಒಂದು ಹಿಡಿ ಶಾವಿಗೆ ಹಾಕಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಬೇಳೆ ಬಸಿದ ನೀರಿನ ಸಾರು ಅದು. ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಲವಂಗ ಅರೆದು ಹಾಕಿದ್ದು. ಒಮ್ಮೆ ನಾನು ನೋಡುತ್ತ ನಿಂತಾಗ, "ಬಾ, ಬಾಯಿ ತೆಗಿ. ಯಾರ ಮುಂದೂ ಹೇಳಬ್ಯಾಡ ಮತ್ತ," ಎಂದಳು. ಅವತ್ತಿನಿಂದ ಬಟ್ಟಲು ಎರಡಾದವು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ, ಅದರಲ್ಲೂ ನನಗೆ ಪಾಲು ಕೊಟ್ಟಿದ್ದಳು.

ಒಂದು ಬೇಸಿಗೆ, ಮಣೆಯ ಸುತ್ತ ಕೂತ ಹೆಂಗಸರು ಯಾರಿಗೆ ಯಾವುದರ ಜೊತೆ ಶಾವಿಗೆ ಇಷ್ಟವೆಂದು ಹರಟುತ್ತಿದ್ದರು. ನಾನು ನಡುವೆ ಬಾಯಿ ಹಾಕಿದೆ: "ಕಾಶತ್ತಿ ಸಾರಿನ್ಯಾಗ ಹಾಕ್ಕೊಂಡು ತಿಂತಾಳ." ಎಲ್ಲರೂ ನಕ್ಕರು. ಪಕ್ಕದ ಮನೆಯವಳು, "ಗಂಡನ ಮನ್ಯಾಗೂ ಹಿಂಗ ತಿಂತಿದ್ದಿಯೇನವಾ? ಅದಕ್ಕ ಕಳಸ್ಯಾರ ಬಿಡು," ಎಂದಳು. ನಗು ಇನ್ನೂ ಜೋರಾಯಿತು. ನಮ್ಮ ಅಜ್ಜಿ ಮುಖ ಗಂಟಿಕ್ಕಿ ನನ್ನತ್ತ ತಿರುಗಿದಳು: "ನೀನೂ ತಿಂದೀಯೇನ?" ಹೌದೆಂದಿದ್ದರೆ ಆ ನಗು ಇಬ್ಬರಿಗೂ ಹಂಚಿಹೋಗುತ್ತಿತ್ತು. "ಛೀ, ನನಗ ಸೇರೂದಿಲ್ಲ," ಎಂದೆ. ಕಾಶತ್ತಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಮತ್ತೆ ಹೊಸೆಯತೊಡಗಿದಳು. ಎಳೆ ಹರಿಯಲಿಲ್ಲ.

ಆಮೇಲೆ ಅವಳೂ ಎಲ್ಲರಂತೆ ಹಾಲು ಬೆಲ್ಲ ಹಾಕಿಕೊಂಡು, ಎರಡು ತುತ್ತು ನುಂಗಿ ಏಳುತ್ತಿದ್ದಳು. ನನ್ನನ್ನು ಬೈಯಲಿಲ್ಲ. ನನಗೆ ಜಡೆ ಹಾಕುತ್ತಿದ್ದಳು, ಶಾಲೆಗೆ ಬುತ್ತಿ ಕಟ್ಟುತ್ತಿದ್ದಳು. ಒಲೆಯ ಮುಂದೆ ಮಾತ್ರ ಕರೆಯಲಿಲ್ಲ. ಸುಳ್ಳು ಹೇಳಿದ್ದೆ, ನನಗೆ ಸೇರುತ್ತದೆ ಎಂದು ಅವಳಿಗೆ ಹೇಳಬೇಕು ಹೇಳಬೇಕು ಅನ್ನುತ್ತಲೇ ನಾನು ಓದಿದೆ, ಮದುವೆಯಾದೆ, ಶಾಲೆಯಲ್ಲಿ ಕಲಿಸಿ ನಿವೃತ್ತಳೂ ಆದೆ. ಅವಳು ನಡುವೆ ಒಂದು ದಿನ ತೀರಿಕೊಂಡುಬಿಟ್ಟಳು. ಮನೆ ಪಾಲಾಯಿತು. ಮಣೆಯನ್ನು ಯಾರೂ ಕೇಳಲಿಲ್ಲ, ಸೌದೆಯಾಗಿ ನೀರೊಲೆಗೆ ಹೋಯಿತಂತೆ. ಈಗ ಶಾವಿಗೆ ಮಶೀನಿನಿಂದ ಬರುತ್ತದೆ, ಎಲ್ಲ ಒಂದೇ ದಪ್ಪ. ಯಾರನ್ನೂ ದೂರುವ ಶಕ್ತಿ ನನಗಿಲ್ಲ. ಕೂತು ಹೊಸೆ ಅಂದರೆ ನನ್ನ ಮೊಣಕಾಲೇ ಕೇಳುವುದಿಲ್ಲ.

"ಯಾಕತ್ತಿ, ಸೇರ್ಲಿಲ್ಲೇನು? ರೊಟ್ಟಿ ಬಡೀಲೇನು?" ಸವಿತಾ ಕೇಳಿದಳು.

"ಸೇರತೈತವಾ. ಸಣ್ಣಾಕಿದ್ದಾಗಿಂದ ನನಗ ಸೇರತೈತಿ," ಎಂದೆ.

ಅವಳು ಅರ್ಥವಾಗದೆ ನಕ್ಕು ಇನ್ನೊಂದು ಸೌಟು ಬಡಿಸಿದಳು. ಇಷ್ಟೇ ಮಾತು. ಪಡಸಾಲೆ ತುಂಬ ಹೆಂಗಸರಿದ್ದಾಗ ಹೇಳಬೇಕಾಗಿದ್ದದ್ದನ್ನು ಸವಿತಾಳೊಬ್ಬಳ ಮುಂದೆ ಹೇಳಿ, ನಾನು ಬಟ್ಟಲು ಎತ್ತಿ ಸಾರು ಕುಡಿದೆ.