ರಜೆಯಲ್ಲಿ ತೆರೆದ ಪ್ರಯೋಗಾಲಯ

ಜೀವರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡಿ ಹೆಸರು ಗಳಿಸಿದವರು ಅನೇಕರಿದ್ದಾರೆ. ಪಾಠ ಹೇಳಿ ವಿದ್ಯಾರ್ಥಿಗಳ ಪ್ರೀತಿಗೆ ಪಾತ್ರರಾದವರೂ ಕಡಿಮೆಯೇನಿಲ್ಲ. ಆದರೆ ವಿದ್ಯಾರ್ಥಿಯೊಬ್ಬ ಯಾವ ವಿಷಯವನ್ನು ಯಾವಾಗ ಓದಬೇಕು, ಯಾವುದರ ಬೆನ್ನಿಗೆ ಯಾವುದು ಬರಬೇಕು ಎಂಬುದನ್ನೇ ಒಂದು ವಿದ್ಯೆಯೆಂದು ಬಗೆದು, ಅದಕ್ಕೆ ಮೂರು ದಶಕಗಳನ್ನು ಧಾರೆಯೆರೆದವರು ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಒಬ್ಬರೇ ಎಂದರೆ ಅತಿಶಯೋಕ್ತಿಯಾಗಲಾರದು. ಒಂದು ವೇಳೆ ಆದರೂ ಚಿಂತೆಯಿಲ್ಲ, ಇಂಥ ಅಭಿನಂದನ ಗ್ರಂಥದಲ್ಲಿ ಅದಕ್ಕೆ ರಿಯಾಯಿತಿ ಇದೆ.

ಮೇಡಂ ಕಿರಿಯ ಉಪನ್ಯಾಸಕಿಯಾಗಿ ಸೇರಿದ ವರ್ಷವೇ, ವಿದ್ಯಾರ್ಥಿಗಳಿಗೆ ಪದವಿಯ ಯೋಜನೆ ಹಾಕಿಕೊಡುವ ಕೆಲಸವನ್ನು ಹಿರಿಯರು ಅವರ ತಲೆಗೆ ಕಟ್ಟಿದರು. ಯಾರಿಗೂ ಬೇಡವಾದ ಕೆಲಸ ಅದು. ಅವರಿಗೆ ಸಿಕ್ಕ ಕೋಣೆಯೂ ಅಂಥದ್ದೇ: ಪಕ್ಕದ ಸೂಕ್ಷ್ಮ ತಕ್ಕಡಿಗಳಿಗೆ ಗಾಳಿ ತಾಗಬಾರದೆಂದು ಅಲ್ಲಿ ಫ್ಯಾನ್ ಹಾಕುವಂತಿರಲಿಲ್ಲ. ಭಯಕ್ಕೆ ಬೆವರುತ್ತಿದ್ದ ನಾವು ಅಲ್ಲಿ ಸೆಖೆಗೂ ಬೆವರುತ್ತಿದ್ದೆವು.

ಅವರ ಕ್ರಮ ಬೇರೆಯವರಂತಲ್ಲ. ಕೊನೆಯ ಸೆಮಿಸ್ಟರಿನಿಂದ ಶುರುಮಾಡಿ ಹಿಂದಕ್ಕೆ ಬರುತ್ತಿದ್ದರು. ಹಾಗಾಗಿ ನಮ್ಮ ಬಾಯಲ್ಲಿ ಅವರು 'ಉಲ್ಟಾ ಮೇಡಂ'. ಈ ಹೆಸರು ಅವರಿಗೂ ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುತ್ತಿದ್ದರು. ಯೋಜನೆಗೆ ಮೊದಲು ಅವರು ಅಂಕ ಕೇಳುತ್ತಿರಲಿಲ್ಲ, ಬೇರೆಯದೇ ಒಂದು ಪ್ರಶ್ನೆ ಕೇಳುತ್ತಿದ್ದರು: "ನೀನು ಡಿಗ್ರಿ ಮುಗಿಸೋದನ್ನ ಮನೇಲಿ ಯಾರು ಕಾಯ್ತಿದಾರೆ?"

ನನ್ನ ಮನೆಯಲ್ಲಿ ಕಾಯುತ್ತಿದ್ದವಳು ಅಕ್ಕ. ಅಪ್ಪನಿಗೆ ಪಾರ್ಶ್ವವಾಯು ಬಡಿದ ಮೇಲೆ ಹಗಲೆಲ್ಲ ಒಬ್ಬರು ಅವರ ಹತ್ತಿರ ಇರಲೇಬೇಕಿತ್ತು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರು. "ಮೊದಲು ನೀನು ಓದು, ಆಮೇಲೆ ನಾನು ನರ್ಸಿಂಗ್ ಸೇರ್ತೀನಿ" ಎಂದು ಅಕ್ಕ ತನ್ನ ಓದನ್ನು ಮುಂದಕ್ಕೆ ಹಾಕಿದ್ದಳು. ನರ್ಸಿಂಗ್ ಸೇರಲು ವಯಸ್ಸಿನ ಮಿತಿ ಇತ್ತು. ನಾನು ಮೂರು ವರ್ಷಕ್ಕೆ ಸರಿಯಾಗಿ ಮುಗಿಸಿದರೆ ಅವಳಿಗೆ ಅವಕಾಶ. ಒಂದು ವರ್ಷ ತಡವಾದರೆ ಅವಳ ಪಾಲಿಗೆ ಆ ಬಾಗಿಲು ಮುಚ್ಚಿದಂತೆಯೇ.

ಇಷ್ಟಿದ್ದೂ ನಾನು ಮೇಡಂ ಬಳಿ ಹೋಗದೆ, ಹಾಸ್ಟೆಲಿನ ಹಿರಿಯಳೊಬ್ಬಳ ಮಾತು ಕೇಳಿದೆ. "ಥಿಯರಿಯೆಲ್ಲ ಮುಗಿಸಿಬಿಡೇ, ಲ್ಯಾಬ್ ಕೊನೇ ವರ್ಷ ಆರಾಮಾಗಿ ಮಾಡ್ಕೋಬೋದು" ಎಂದಳು ಆ ಮಹಾತಾಯಿ. ಎರಡು ವರ್ಷ ಮುಗಿಯುವ ಹೊತ್ತಿಗೆ ಗೊತ್ತಾಯಿತು: ಸಾಮಾನ್ಯ ರಸಾಯನದ ಲ್ಯಾಬ್ ಮುಗಿಯದೆ ಸಾವಯವದ ಲ್ಯಾಬಿಗೆ ಸೇರಿಸಿಕೊಳ್ಳುವುದಿಲ್ಲ, ಅದು ಮುಗಿಯದೆ ಜೀವರಸಾಯನದ ಲ್ಯಾಬಿಲ್ಲ. ಮೂರು ಲ್ಯಾಬಿಗೆ ಮೂರು ಸೆಮಿಸ್ಟರ್ ಬೇಕು, ಉಳಿದಿದ್ದದ್ದು ಎರಡು. ಕೊನೆಗೆ ಮೇಡಂ ಬಾಗಿಲು ತಟ್ಟಿದೆ.

ಆ ಬೆವರಿನ ಕೋಣೆಯಲ್ಲಿ ಮೇಡಂ ನನ್ನ ಕಥೆಯನ್ನೆಲ್ಲ ಕೇಳಿದರು. ಬೈಯಲಿಲ್ಲ. ಅಕ್ಕನ ವಯಸ್ಸು ಎಷ್ಟು, ಹುಟ್ಟಿದ ತಿಂಗಳು ಯಾವುದು ಎಂದು ವಿಚಾರಿಸಿದರು. "ಈ ರಜೆಯಲ್ಲಿ ಒಂದು ಲ್ಯಾಬ್ ಮುಗಿದ್ರೆ ಉಳಿದದ್ದು ತಾನಾಗಿ ಕೂತ್ಕೊಳ್ಳುತ್ತೆ, ಬಾ" ಎಂದು ಎದ್ದು ನೇರವಾಗಿ ಪ್ರಾಂಶುಪಾಲರ ಕೋಣೆಗೆ ನಡೆದರು. ನಾನು ಬಾಗಿಲಲ್ಲೇ ನಿಂತೆ.

"ರಜೆಯಲ್ಲಿ ಲ್ಯಾಬ್ ತೆಗೆಯೋ ಪದ್ಧತಿ ಇಲ್ವಲ್ಲಮ್ಮ" ಎಂದರು ಪ್ರಾಂಶುಪಾಲರು. "ಒಬ್ಬಳಿಗೋಸ್ಕರ ಗ್ಯಾಸು, ನೀರು, ಕರೆಂಟು ಎಲ್ಲಾ ಹಾಕಿಸ್ಬೇಕಾ?"

"ಒಬ್ಬಳಲ್ಲ ಸಾರ್, ಇಬ್ಬರು. ಇವಳ ಅಕ್ಕನೂ ಇದಾಳೆ."

"ಅವಳೂ ಕೆಮಿಸ್ಟ್ರಿನಾ?"

"ಅಲ್ಲ ಸಾರ್. ಅವಳು ಇನ್ನೂ ಯಾವುದಕ್ಕೂ ಸೇರಿಲ್ಲ. ಇವಳು ಮುಗಿಸಿದ್ರೆ ಸೇರ್ತಾಳೆ."

ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ಪಾಠಕ್ಕೆ ಯಾರು ನಿಲ್ಲುತ್ತಾರೆಂದು ಕೇಳಿದರು. ತಾವೇ ನಿಲ್ಲುವುದಾಗಿ ಮೇಡಂ ಹೇಳಿದ ಮೇಲೆ ಅವರಿಗೂ ಒಪ್ಪದೆ ಬೇರೆ ದಾರಿ ಇರಲಿಲ್ಲ.

ಬಾಗಿಲು ತೆರೆದ ದಿನ ನೋಡಿದರೆ, ಹಾಸ್ಟೆಲಿನ ಹಿರಿಯಳ ಸಲಹೆ ಪಡೆದ ಜಾಣರೆಲ್ಲ ಅಲ್ಲೇ ಸಾಲಾಗಿ ನಿಂತಿದ್ದರು. ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತ, ಬಣ್ಣ ತಿರುಗುವ ಆ ಒಂದು ಹನಿಗಾಗಿ ಕಣ್ಣು ಕಿರಿದು ಮಾಡುತ್ತ ನಾವು ಆ ರಜೆ ಕಳೆದೆವು. ನಮ್ಮ ನಡುವೆ ಓಡಾಡುತ್ತ ಮೇಡಂ ತಮ್ಮ ರಜೆ ಕಳೆದುಕೊಂಡರು. ಮುಂದಿನ ವರ್ಷ ಉಳಿದೆರಡು ಲ್ಯಾಬುಗಳು ಒಂದರ ಹಿಂದೆ ಒಂದು ಮುಗಿದವು. ನನ್ನ ಫಲಿತಾಂಶ ಬಂದ ತಿಂಗಳೇ, ವಯಸ್ಸಿನ ಮಿತಿಗೆ ಇನ್ನೂ ಕೆಲವು ವಾರ ಇರುವಾಗ, ಅಕ್ಕ ನರ್ಸಿಂಗ್ ಸೇರಿದಳು. ಅಪ್ಪನ ಪಕ್ಕದ ಕುರ್ಚಿಯಲ್ಲಿ ಅಂದು ಅವಳ ಬದಲು ನಾನು ಕೂತೆ. ಮೂರು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿ, ಕೂತಲ್ಲೇ ನಿದ್ದೆ ಹೋದೆ. ಎಬ್ಬಿಸಬೇಡ ಎಂದು ಅಪ್ಪ ಅಮ್ಮನಿಗೆ ಕೈಸನ್ನೆ ಮಾಡಿದರಂತೆ.

ಆ ಮೇಲೆ ಪ್ರತಿ ಸೆಮಿಸ್ಟರಿಗೂ ಒಂದು ಲ್ಯಾಬ್ ಕಡ್ಡಾಯವೆಂಬ ನಿಯಮವನ್ನು ಮೇಡಂ ಮಾಡಿಸಿದರು. ವಿಭಾಗದ ಮುಖ್ಯಸ್ಥರಾದ ಮೇಲೂ ಆ ಸೆಖೆಯ ಕೋಣೆಯನ್ನು ಬಿಡಲಿಲ್ಲ. ಇಂದು ಅವರ ಸಹೋದ್ಯೋಗಿಯಾಗಿರುವ ನಾನು ಹೊಸ ವಿದ್ಯಾರ್ಥಿಗಳ ಮುಂದೆ ನೆಮ್ಮದಿಯಿಂದ ಕೂರುವುದನ್ನು ಅವರಿಂದಲೇ ಕಲಿತಿದ್ದೇನೆ.

ಮೇಡಂ ಅವರಿಗೆ ಗಟ್ಟಿಮುಟ್ಟಾದ ಆರೋಗ್ಯವೂ, ಬೇಕಾದಷ್ಟು ವರ್ಷಗಳ ಬಾಳೂ, ಕೈತುಂಬ ಕೆಲಸವೂ, ಫ್ಯಾನ್ ಇರುವ ಒಂದು ಕೋಣೆಯೂ ಸಿಗಲೆಂದು ಹಾರೈಸುತ್ತೇನೆ.

ಅಕ್ಕ ಈಗ ಆಸ್ಪತ್ರೆಯೊಂದರಲ್ಲಿ ಹೆರಿಗೆ ವಾರ್ಡಿನ ಮುಖ್ಯ ನರ್ಸ್. ಮೇಡಂ ಮುಖವನ್ನು ಅವಳು ಇದುವರೆಗೂ ನೋಡಿಲ್ಲ. ನಿವೃತ್ತಿಯ ಸುದ್ದಿ ಹೇಳಲು ಫೋನ್ ಮಾಡಿದಾಗ ಮೊದಲು ಸಮಾರಂಭದ ತಾರೀಕು ಕೇಳಿದಳು. ಆಮೇಲೆ, "ಸಮಾರಂಭಕ್ಕೆ ರಜೆ ಹಾಕಿ ಬರ್ತೀನಿ ಕಣೇ. ನನ್ನನ್ನ ನಿನ್ನ ಅಕ್ಕ ಅಂತ ಹೇಳ್ಬೇಡ, ಅವರ ಸ್ಟೂಡೆಂಟು ಅಂತಾನೇ ಹೇಳು" ಎಂದಳು.